ಪಾಸ್‌ಪೋರ್ಟ್ ಫೋಟೋಗೆ ತಲೆ ಬಾಚುವುದು ಹೇಗೆ? ದಾವಣಗೆರೆ–ದುರ್ಗದ ಕಡೆಯವರಿಗೆ ಒಂದು ಸಮಗ್ರ ಮಾರ್ಗದರ್ಶಿ

ಪಾಸ್‌ಪೋರ್ಟ್ ಮಾಡಿಸಬೇಕು ಅಂದ ಕೂಡಲೇ ನಮ್ಮ ಕಡೆ ಜನ ಮೊದಲು ಬರುವುದು ನನ್ನಂಥವರ ಫೋಟೋ ಸ್ಟುಡಿಯೋಗೆ. ನಾನು ಕೇಳುವ ಮೊದಲ ಪ್ರಶ್ನೆ, 'ಯಾರಿಗೆ ಮಾಡಿಸ್ತಿದೀರಿ?' ದೊಡ್ಡವರಿಗೆ ಅಂದರೆ ಫೋಟೋ ಬೇಡ ಅಂತ ಹೇಳಿ ಕಳಿಸುತ್ತೇನೆ. ಯಾಕಂದರೆ ಇಲ್ಲಿ ಅರ್ಜಿ ಹಾಕುವವರ ಫೋಟೋವನ್ನು ಪಾಸ್‌ಪೋರ್ಟ್ ಸೇವಾ ಕೇಂದ್ರದ ಕೌಂಟರಿನಲ್ಲೇ ತೆಗೆಯುತ್ತಾರೆ. 4 ವರ್ಷದೊಳಗಿನ ಮಕ್ಕಳಿಗೆ ಮಾತ್ರ ಫೋಟೋ ತೆಗೆದುಕೊಂಡು ಹೋಗಬೇಕು.

ಕೂದಲಿನ ಲೆಕ್ಕ ಬದಲಾಗುವುದು ಇಲ್ಲೇ. ಸ್ಟುಡಿಯೋದಲ್ಲಾದರೆ ಕನ್ನಡಿ ಇರುತ್ತದೆ, ಬಾಚಣಿಗೆ ಇರುತ್ತದೆ, ಸರಿ ಬರಲಿಲ್ಲ ಅಂದರೆ ಇನ್ನೊಂದು ತೆಗೆಯಲು ನಾನಿರುತ್ತೇನೆ. ಕೌಂಟರಿನಲ್ಲಿ ಅದ್ಯಾವುದೂ ಇಲ್ಲ. ನಿಮ್ಮ ಹಿಂದೆ ಜನ ಕಾಯುತ್ತಿರುತ್ತಾರೆ. ಕೂತಿರಿ, ನೋಡಿದಿರಿ, ಮುಗೀತು. ಆ ಫೋಟೋ ದೊಡ್ಡವರ ಪಾಸ್‌ಪೋರ್ಟಿನಲ್ಲಿ 10 ವರ್ಷ ಇರುತ್ತದೆ. ಹಾಗಾಗಿ ಚೆಂದ ಕಾಣುವ ಹೇರ್‌ಸ್ಟೈಲ್ ಯಾವುದು ಅನ್ನುವುದಕ್ಕಿಂತ, ಬಸ್ಸು, ಹೆಲ್ಮೆಟ್ಟು, ಬಿಸಿಲು, ಸಾಲು ಎಲ್ಲ ದಾಟಿ ಕುರ್ಚಿಯಲ್ಲಿ ಕೂತಾಗಲೂ ಹಾಗೇ ಇರುವ ಹೇರ್‌ಸ್ಟೈಲ್ ಯಾವುದು ಅಂತ ಯೋಚಿಸಬೇಕು.

ಮೊದಲು ನಿಯಮ ತಿಳಿದುಕೊಳ್ಳಿ

ಪಾಸ್‌ಪೋರ್ಟ್ ಫೋಟೋ ಹೇಗಿರಬೇಕು ಅನ್ನುವುದಕ್ಕೆ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ, ಅಂದರೆ ಐಸಿಎಒ, ಮಾಡಿದ ನಿಯಮಗಳಿವೆ. ಕೂದಲಿಗೆ ಸಂಬಂಧಪಟ್ಟಿದ್ದು ಅದರಲ್ಲಿ ಸ್ವಲ್ಪವೇ. ಕೂದಲು ಕಣ್ಣಿನ ಮೇಲೆ ಬರಬಾರದು. ಮುಖದ ಎರಡೂ ಅಂಚು ಕಾಣಬೇಕು. ಮುಖದ ಮೇಲಾಗಲಿ ಹಿಂದಿನ ಬಿಳಿ ಪರದೆಯ ಮೇಲಾಗಲಿ ನೆರಳು ಬೀಳಬಾರದು. ತಲೆ ನೆಟ್ಟಗಿರಬೇಕು.

ಜಡೆಯೇ ಹಾಕಬೇಕು, ಕೂದಲು ಬಿಡಬಾರದು, ಬೈತಲೆ ನಡುವೆಯೇ ತೆಗೆಯಬೇಕು ಅಂತೆಲ್ಲ ಎಲ್ಲೂ ಇಲ್ಲ. ಕಿವಿ ಕಾಣಲೇಬೇಕು ಅಂತ ಹೇಳುವವರು ಬಹಳ ಜನ. ಐಸಿಎಒ ಅದನ್ನು ಕಡ್ಡಾಯ ಮಾಡಿಲ್ಲ. ಆದರೂ ಕೂದಲನ್ನು ಕಿವಿ ಹಿಂದೆ ಸಿಕ್ಕಿಸಿದರೆ ಮುಖದ ಅಂಚು ತಾನಾಗಿ ಕಾಣುತ್ತದೆ, ಕೌಂಟರಿನವರೂ ಮಾತಾಡುವುದಿಲ್ಲ. ಹಾಗಾಗಿ ನಾನೂ ಸಿಕ್ಕಿಸಿ ಅಂತಲೇ ಹೇಳುವುದು. ಹುಬ್ಬಿನ ವಿಷಯವೂ ಅಷ್ಟೇ. ಹುಬ್ಬು ಪೂರ್ತಿ ಕಂಡರೆ ಕಣ್ಣಿನ ಬಗ್ಗೆ ತಕರಾರೇ ಬರುವುದಿಲ್ಲ.

ಇನ್ನೊಂದು ವಿಷಯವನ್ನು ಯಾರೂ ಗಮನಿಸುವುದಿಲ್ಲ, ತಲೆಯ ಎತ್ತರ. ವಿದೇಶದಲ್ಲಿರುವ ನಮ್ಮ ರಾಯಭಾರ ಕಚೇರಿಗಳು 2025ರ ಸೆಪ್ಟೆಂಬರಿನಿಂದ ಕೇಳುತ್ತಿರುವ ಫೋಟೋದಲ್ಲಿ ಮುಖ 80ರಿಂದ 85 ಶೇಕಡಾ ಜಾಗ ತುಂಬಬೇಕು. 45 ಮಿಲಿಮೀಟರ್ ಎತ್ತರದ ಫೋಟೋ ಅಂದರೆ ಮುಖಕ್ಕೇ 36ರಿಂದ 38 ಮಿಲಿಮೀಟರ್ ಹೋಯಿತು. ಉಳಿಯುವುದು 7–9 ಮಿಲಿಮೀಟರ್. ತಲೆ ಮೇಲಿನ ಖಾಲಿ ಜಾಗ, ಕುತ್ತಿಗೆ, ಭುಜ ಎಲ್ಲ ಅಷ್ಟರಲ್ಲೇ ಹಿಡಿಯಬೇಕು. ಈಗ ನೆತ್ತಿ ಮೇಲೆ ಎತ್ತರದ ತುರುಬು ಕಟ್ಟಿಕೊಂಡು ಬಂದರೆ ಒಂದೋ ತುರುಬು ಕತ್ತರಿಸಿ ಹೋಗುತ್ತದೆ, ಇಲ್ಲವೋ ಅದನ್ನು ಒಳಗೆ ತರಲು ಹೋಗಿ ಮುಖ ಸಣ್ಣದಾಗುತ್ತದೆ. ಪಫ್ ಎತ್ತಿ ಪಿನ್ ಹಾಕಿದರೂ ಇದೇ ಕಥೆ.

ಒಂದು ವಾರ ಮುಂಚೆ: ಕಟಿಂಗ್, ಡೈ

ಅಪಾಯಿಂಟ್‌ಮೆಂಟ್ ಸಿಕ್ಕ ದಿನವೇ ಕ್ಯಾಲೆಂಡರ್ ನೋಡಿ. ಕಟಿಂಗ್ ಮಾಡಿಸುವುದಿದ್ದರೆ ನಾಲ್ಕೈದು ದಿನ ಮುಂಚೆ ಮಾಡಿಸಿ. ಹಿಂದಿನ ಸಂಜೆ ಮಾಡಿಸಿದರೆ ಕಿವಿ ಸುತ್ತ ಬೆಳ್ಳಗೆ ಕಾಣುತ್ತದೆ, ಅದು ಫೋಟೋದಲ್ಲಿ ಎದ್ದು ಕಾಣುತ್ತದೆ. ಡೈ ಅಥವಾ ಗೋರಂಟಿ ಹಚ್ಚುವವರು ಒಂದು ವಾರ ಮುಂಚೆಯೇ ಹಚ್ಚಿ. ಹಣೆಯಂಚಿನಲ್ಲಿ, ಕಿವಿ ಪಕ್ಕ ಹತ್ತಿದ ಕಲೆ ಮಾಯವಾಗಲು ಅಷ್ಟು ದಿನ ಬೇಕು. ಹೊಸ ಹೇರ್‌ಸ್ಟೈಲಿನ ಪ್ರಯೋಗಕ್ಕೆ ಇದು ಸಮಯ ಅಲ್ಲ. ವರ್ಷಪೂರ್ತಿ ನೀವು ಹೇಗಿರುತ್ತೀರೋ ಹಾಗೇ ಹೋಗಿ.

ಗಡ್ಡಕ್ಕೂ ಇದೇ ಮಾತು. ದಿನಾ ಗಡ್ಡ ಬಿಡುವವರು ಬಿಟ್ಟುಕೊಂಡೇ ಹೋಗಬಹುದು. ಆದರೆ ಕಾರ್ತೀಕ ಬಂತೆಂದರೆ ಅಯ್ಯಪ್ಪ ಮಾಲೆ ಹಾಕಿದವರು ಬರುತ್ತಾರೆ, ತಿಂಗಳ ಗಡ್ಡ, ಬೆಳೆದ ತಲೆ. ಅದು ನಿಯಮಕ್ಕೇನೂ ವಿರುದ್ಧ ಅಲ್ಲ. ಆದರೆ ವರ್ಷದಲ್ಲಿ ಒಂದೂವರೆ ತಿಂಗಳು ಇರುವ ರೂಪವನ್ನು 10 ವರ್ಷ ಜೇಬಲ್ಲಿಟ್ಟು ತಿರುಗುವುದು ಯಾಕೆ? ಅರ್ಜೆಂಟಿಲ್ಲದಿದ್ದರೆ ಸಂಕ್ರಾಂತಿ ಕಳೆದ ಮೇಲಿನ ದಿನಾಂಕ ತೆಗೆದುಕೊಳ್ಳಿ.

ತಿರುಪತಿಯಲ್ಲಿ ಮುಡಿ ಕೊಟ್ಟು ಬಂದವರು ಹೆದರಬೇಕಿಲ್ಲ. ಬೋಳು ತಲೆಯ ಫೋಟೋ ನಡೆಯುತ್ತದೆ. ಮುಂದೆ ಕೂದಲು ಬಂದರೂ ತೊಂದರೆ ಇಲ್ಲ. ಇಮಿಗ್ರೇಷನ್‌ನಲ್ಲಿ ನೋಡುವುದು ಕಣ್ಣು, ಮೂಗು, ಬಾಯಿ, ದವಡೆಯ ಅಳತೆ ಮತ್ತು ಅಂತರ. ಹಜ್‌ಗೆ ಹೋದ ಗಂಡಸರು ತಲೆ ಬೋಳಿಸಿಕೊಂಡು ವಾಪಸ್ ಬರುವುದಿಲ್ಲವಾ? ಪಾಸ್‌ಪೋರ್ಟಿನಲ್ಲಿ ತಲೆ ತುಂಬ ಕೂದಲಿದ್ದರೂ ಯಾರೂ ಅವರನ್ನು ತಡೆಯುವುದಿಲ್ಲ.

ಹಿಂದಿನ ದಿನ: ಎಣ್ಣೆ ಬೇಡ, ತಲೆಸ್ನಾನ ಬೇಕು

ಮಂಗಳಕಾರ್ಯಕ್ಕೆ ಹೊರಟ ಹಾಗೆ ಕೊಬ್ಬರಿ ಎಣ್ಣೆ ಹಚ್ಚಿ, ನುಣ್ಣಗೆ ಬಾಚಿ ಬರುವವರು ನಮ್ಮಲ್ಲಿ ಬಹಳ. ಮೇಲಿನ ಟ್ಯೂಬ್‌ಲೈಟ್ ಬೆಳಕು ಎಣ್ಣೆ ತಲೆಗೆ ಬಿದ್ದರೆ ನೆತ್ತಿ ಮೇಲೆ ಬಿಳಿ ಪಟ್ಟಿ ಮೂಡುತ್ತದೆ. ಎಣ್ಣೆ ಹಣೆಗೂ ಇಳಿದು ಅಲ್ಲೂ ಹೊಳಪು ಬರುತ್ತದೆ. ಏಪ್ರಿಲ್, ಮೇ ತಿಂಗಳ ದಾವಣಗೆರೆ ಬಿಸಿಲಿನಲ್ಲಂತೂ ಬೆವರೂ ಸೇರಿಕೊಳ್ಳುತ್ತದೆ.

ತಲೆಸ್ನಾನವನ್ನು ಹಿಂದಿನ ದಿನ ಮಾಡಿ, ಅದೇ ಬೆಳಿಗ್ಗೆ ಬೇಡ. ಆಗಷ್ಟೇ ತೊಳೆದು ಒಣಗಿಸಿದ ಕೂದಲು ಹಾರುತ್ತದೆ, ಪಿನ್ನು ನಿಲ್ಲುವುದಿಲ್ಲ. ಒಂದು ರಾತ್ರಿ ಕಳೆದರೆ ಹೇಳಿದ ಮಾತು ಕೇಳುತ್ತದೆ. ಕೂದಲು ತುಂಬಾ ಒರಟಾಗಿದ್ದರೆ ಅಂಗೈಗೆ ಎರಡೇ ಹನಿ ಎಣ್ಣೆ ಹಾಕಿ ಉಜ್ಜಿ, ತುದಿಗಳಿಗೆ ಮಾತ್ರ ಸವರಿ. ಬೈತಲೆಗೆ, ಹಣೆಯಂಚಿಗೆ ಬೇಡ. ಜೆಲ್ ಹಾಕುವ ಹುಡುಗರಿಗೂ ಇದೇ ಮಾತು. ಒದ್ದೆ ಹೊಳಪಿನ ಜೆಲ್ ಬಿಟ್ಟು, ಹೊಳಪಿಲ್ಲದ ವ್ಯಾಕ್ಸ್ ಕಡಲೆಕಾಳಷ್ಟು ತೆಗೆದುಕೊಂಡರೆ ಸಾಕು.

ನಿಮ್ಮ ಕೂದಲಿಗೆ ಯಾವುದು ಹೊಂದುತ್ತದೆ?

*ಉದ್ದ ಕೂದಲು.* ನನ್ನ ಆಯ್ಕೆ ಒಂದೇ ಜಡೆ, ಬೆನ್ನ ಹಿಂದೆ. ಇಷ್ಟು ಬೋರ್ ಹೇರ್‌ಸ್ಟೈಲಾ ಅಂತ ಹುಡುಗಿಯರು ಮುಖ ಸಿಂಡರಿಸುತ್ತಾರೆ. ಆದರೆ ದುರ್ಗದಿಂದ ದಾವಣಗೆರೆವರೆಗೆ ಸುಮಾರು 60 ಕಿಲೋಮೀಟರ್ ಬಸ್ಸಿನ ಕಿಟಕಿ ಪಕ್ಕ ಕೂತು ಬಂದರೂ ಕೆಡದೆ ಉಳಿಯುವುದು ಜಡೆ ಮಾತ್ರ. ಮುಂದಿನಿಂದ ನೋಡಿದರೆ ಜಡೆ ಕಾಣುವುದೂ ಇಲ್ಲ, ತಲೆಯ ಆಕಾರ ಸ್ಪಷ್ಟವಾಗಿರುತ್ತದೆ. ಜಡೆಯನ್ನು ಭುಜದ ಮುಂದಕ್ಕೆ ಮಾತ್ರ ಹಾಕಿಕೊಳ್ಳಬೇಡಿ. ಫೋಟೋದಲ್ಲಿ ಅದು ಒಂದು ಪಕ್ಕ ಕಪ್ಪು ಹಗ್ಗದ ಹಾಗೆ ಕೂರುತ್ತದೆ.

ತುರುಬು ಕಟ್ಟುವುದಾದರೆ ಕುತ್ತಿಗೆ ಹತ್ತಿರ, ತಗ್ಗಿನಲ್ಲಿ ಕಟ್ಟಿ. ಕನ್ನಡಿ ಮುಂದೆ ನೇರ ನಿಂತಾಗ ತುರುಬು ತಲೆಯ ಮೇಲಿನಿಂದಲೂ ಪಕ್ಕದಿಂದಲೂ ಇಣುಕಬಾರದು. ಚೌರಿ ಸೇರಿಸುವವರು ಅವತ್ತು ಬಿಟ್ಟುಬಿಡಿ. ಪೋನಿಟೇಲ್ ಕಟ್ಟಿದರೂ ತಗ್ಗಿನಲ್ಲೇ ಇರಲಿ. ತೀರಾ ಬಿಗಿಯಾಗಿ ಎಳೆದು ಕಟ್ಟಿದರೆ ಹುಬ್ಬು ಮೇಲೇರಿ ಮುಖಕ್ಕೆ ಆಶ್ಚರ್ಯದ ಕಳೆ ಬರುತ್ತದೆ. ನಗಬೇಡಿ, ನಿಜವಾಗಿಯೂ ಬರುತ್ತದೆ.

*ಬಿಟ್ಟ ಕೂದಲು.* ನಿಯಮದ ಪ್ರಕಾರ ಪರವಾಗಿಲ್ಲ. ಎರಡೂ ಕಡೆ ಕಿವಿ ಹಿಂದೆ ಸಿಕ್ಕಿಸಿ, ಭುಜದ ಹಿಂದಕ್ಕೆ ತಳ್ಳಿ, ಕಿವಿಯ ಹಿಂದೆ ಒಂದೊಂದು ಕಪ್ಪು ಪಿನ್ ಹಾಕಿ. ಒಂದೇ ಪಕ್ಕಕ್ಕೆ ಇಳಿಬಿಡುವ ಸ್ಟೈಲ್ ಬೇಡ. ಒಂದು ಕೆನ್ನೆ ಮುಚ್ಚುತ್ತದೆ, ಜೊತೆಗೆ ಕೂದಲು ಇರುವ ಕಡೆ ತಲೆಯೂ ತಿಳಿಯದ ಹಾಗೆ ವಾಲುತ್ತದೆ. ಬಂದವರಿಗೆ 'ತಲೆ ನೆಟ್ಟಗೆ ಮಾಡಮ್ಮಾ' ಅಂತ ಹೇಳಿ ಹೇಳಿ ನನಗೆ ಸಾಕಾಗಿದೆ. ಬೈತಲೆ ನಡುವಿಗೆ ತಂದ ಕೂಡಲೇ ತಲೆ ತಾನೇ ನೆಟ್ಟಗಾಗುತ್ತದೆ.

*ಹಣೆ ಮೇಲೆ ಬೀಳುವ ಫ್ರಿಂಜ್.* ಹುಬ್ಬಿನಿಂದ ಮೇಲೆ ಇದ್ದರೆ ಸರಿ. ಹುಬ್ಬು ಮುಟ್ಟುತ್ತಿದ್ದರೆ ಪಕ್ಕಕ್ಕೆ ಬಾಚಿ ಪಿನ್ ಮಾಡಿ. ಮೇಲಿನ ಬೆಳಕಿಗೆ ಫ್ರಿಂಜಿನ ನೆರಳು ಕಣ್ಣಿನ ಮೇಲೇ ಬೀಳುತ್ತದೆ.

*ಗುಂಗುರು ಕೂದಲು.* ಇದನ್ನು ನೇರ ಮಾಡಿಸಿಕೊಳ್ಳಬೇಕು ಅಂತ ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಗುಂಗುರು ನಿಮ್ಮದೇ, ಹಾಗೇ ಇರಲಿ. ಅಗಲ ಸ್ವಲ್ಪ ಕಡಿಮೆ ಮಾಡಿ, ಅಷ್ಟೇ. ಬಾಚಣಿಗೆಗೆ ನೀರು ಸೋಕಿಸಿ ಹಣೆಯಂಚು ಮತ್ತು ಕಿವಿ ಮೇಲ್ಭಾಗವನ್ನು ಹಿಂದಕ್ಕೆ ತೆಗೆದು, ಕುತ್ತಿಗೆ ಹತ್ತಿರ ಸಡಿಲವಾಗಿ ಕಟ್ಟಿ. ಎತ್ತರಕ್ಕೆ ಉಬ್ಬಿದ ಕೂದಲು ಗೋಡೆಗೆ ಹತ್ತಿರ ಕೂತಾಗ ಹಿಂದೆ ದೊಡ್ಡ ನೆರಳು ಹಾಕುತ್ತದೆ. ಕೌಂಟರಿನಲ್ಲಿ ಜಾಗ ಇದ್ದರೆ ಕುರ್ಚಿಯಲ್ಲಿ ಸ್ವಲ್ಪ ಮುಂದಕ್ಕೆ ಕೂರಿ.

*ಕ್ರಾಪು.* ಗಂಡಸರಿಗೆ ಹೇಳುವುದು ಕಡಿಮೆ. ಮುಂದಿನ ಕೂದಲು ಹಣೆಗೆ ಬೀಳದಿರಲಿ, ಸ್ಪೈಕ್ ಬೇಡ.

*ಬಿಳಿ ಕೂದಲು.* ಇದು ನಿಜವಾದ ತಲೆನೋವು, ಆದರೆ ಅಜ್ಜ ಅಜ್ಜಿಯರಿಗಲ್ಲ, ಫೋಟೋ ತೆಗೆಯುವವನಿಗೆ. ಬಿಳಿ ಪರದೆ ಮುಂದೆ ಬಿಳಿ ತಲೆ ಎಲ್ಲಿ ಮುಗಿಯಿತು ಅಂತ ತಿಳಿಯುವುದಿಲ್ಲ. ಕೂದಲನ್ನು ತಲೆಗೆ ಅಂಟಿಕೊಳ್ಳುವ ಹಾಗೆ ಹಿಂದಕ್ಕೆ ಬಾಚಿದರೆ ಅಂಚು ಸ್ವಲ್ಪ ಸ್ಪಷ್ಟವಾಗುತ್ತದೆ. ಬಿಳಿ ಅಂಗಿ, ಬಿಳಿ ಪಂಚೆಯ ಅಜ್ಜಂದಿರು ಅವತ್ತೊಂದು ದಿನ ಕಡುಬಣ್ಣದ ಅಂಗಿ ತೊಡಲೇಬೇಕು. ಇಲ್ಲವಾದರೆ ಮುಖ ಮಾತ್ರ ಗಾಳಿಯಲ್ಲಿ ತೇಲುತ್ತದೆ. ಸ್ಟುಡಿಯೋದಲ್ಲಿ ತೆಗೆಸುವುದಾದರೆ ಹಿಂದಿನ ಪರದೆಗೆ ಬೀಳುವ ಬೆಳಕನ್ನು ಸ್ವಲ್ಪ ತಗ್ಗಿಸಲು ಹೇಳಿ. ಪರದೆ ಬಿಳಿಯಾಗೇ ಉಳಿಯುತ್ತದೆ, ಕೂದಲ ಗೆರೆಯೂ ಕಾಣುತ್ತದೆ.

ವಿಗ್ ಅಥವಾ ಹೇರ್ ಪ್ಯಾಚ್ ದಿನಾ ಹಾಕುವವರು ಹಾಕಿಕೊಂಡೇ ತೆಗೆಸಿ. ಮದುವೆ ಮುಂಜಿಗೆ ಮಾತ್ರ ಹಾಕುವವರು ತೆಗೆದಿಟ್ಟು ಹೋಗಿ.

ಹೂವು, ಕ್ಲಿಪ್ಪು, ತಲೆ ಮೇಲಿನ ಬಟ್ಟೆ

ಹೂ ಮುಡಿದು ಬಂದವರಿಗೆ ನಾನು ಹೇಳುವುದು, 'ಯಕ್ಕಾ, ಹೂವೊಂದು ನಿಮಿಷ ಕೈಯಾಗೆ ಹಿಡ್ಕಳ್ರಿ.' ಜಡೆಯಲ್ಲಿ ಬೆನ್ನ ಹಿಂದೆ ಇರುವ ಮಲ್ಲಿಗೆ ಮುಂದಿನಿಂದ ಕಾಣುವುದಿಲ್ಲ ನಿಜ. ಆದರೆ ಮಾಲೆಯ ತುದಿ ಕಿವಿ ಪಕ್ಕ ಇಣುಕಿದರೆ ಬಿಳಿ ಪರದೆಯ ಮುಂದೆ ಬಿಳಿ ಹೂವು, ತಲೆಯ ಗೆರೆಯೇ ಕೆಡುತ್ತದೆ. ಕನಕಾಂಬರವಾದರೂ ಬೇಡ.

ಅಗಲವಾದ ಹೇರ್‌ಬ್ಯಾಂಡ್, ಹರಳಿನ ಕ್ಲಿಪ್ಪು ಮನೆಯಲ್ಲಿರಲಿ. ಕೂದಲ ಬಣ್ಣದ ಸಾದಾ ಪಿನ್ ಸಾಕು. ದೊಡ್ಡ ಜುಮಕಿ ತೆಗೆಯಿರಿ, ಕೂದಲಿಗೂ ಸಿಕ್ಕಿಕೊಳ್ಳುತ್ತದೆ, ಬೆಳಕಿಗೂ ಹೊಳೆಯುತ್ತದೆ.

ಸೆರಗು, ದುಪ್ಪಟ್ಟಾ, ಟೋಪಿ, ಪೇಟ, ಬಿಸಿಲಿಗೆ ಸುತ್ತಿದ ಟವೆಲ್ಲು, ಇವೆಲ್ಲ ತೆಗೆಯಬೇಕು. ಧರ್ಮದ ಕಾರಣಕ್ಕೆ ತಲೆ ಮುಚ್ಚುವವರಿಗೆ ಮಾತ್ರ ಅವಕಾಶ ಇದೆ. ಆಗಲೂ ಗಲ್ಲದ ತುದಿಯಿಂದ ಹಣೆಯ ಮೇಲಿನವರೆಗೆ, ಮತ್ತು ಮುಖದ ಎರಡೂ ಅಂಚು ಕಾಣಬೇಕು. ಹಿಜಾಬ್ ಹಾಕುವ ಅಕ್ಕತಂಗಿಯರು ಕೂದಲನ್ನು ತಗ್ಗಿನಲ್ಲಿ ಕಟ್ಟಿ, ಒಳಟೋಪಿಯನ್ನು ಹಣೆಯಿಂದ ತುಸು ಹಿಂದಕ್ಕೆ ಸರಿಸಿ, ಕೆನ್ನೆ ಪಕ್ಕದ ಮಡಿಕೆಯನ್ನು ಕಿವಿಯ ಕಡೆಗೆ ಎಳೆದು ಪಿನ್ ಮಾಡಿಕೊಳ್ಳಿ. ಬಟ್ಟೆ ಹಣೆಯ ಮೇಲೆ ಸೂರಿನ ಹಾಗೆ ಮುಂದೆ ಬಂದರೆ ಕಣ್ಣಿಗೆ ನೆರಳು. ಬಿಳಿ ಬಣ್ಣದ ಹಿಜಾಬ್ ಬೇಡ, ಕಡು ಬಣ್ಣದ್ದು ಇರಲಿ.

ಮನೆಯಲ್ಲೇ ಒಂದು ಪರೀಕ್ಷೆ

ಹಗಲು ಹೊತ್ತಿನಲ್ಲಿ, ಕಿಟಕಿಗೆ ಮುಖ ಮಾಡಿ, ಬಿಳಿ ಗೋಡೆಯಿಂದ ಒಂದು ಹೆಜ್ಜೆ ಮುಂದೆ ನಿಲ್ಲಿ. ಸೆಲ್ಫಿ ಬೇಡ, ಹತ್ತಿರದಿಂದ ತೆಗೆದರೆ ಮೂಗು ದೊಡ್ಡದಾಗಿ, ಕಿವಿ ಹಿಂದಕ್ಕೆ ಹೋಗುತ್ತದೆ. ಮನೆಯವರ ಕೈಗೆ ಮೊಬೈಲ್ ಕೊಟ್ಟು, ಒಂದೂವರೆ ಮೀಟರ್ ದೂರದಿಂದ, ಕಣ್ಣಿನ ಮಟ್ಟದಲ್ಲಿ ಹಿಡಿದು ತೆಗೆಸಿ. ಆಮೇಲೆ ಫೋಟೋವನ್ನು ಹೆಬ್ಬೆರಳಿನ ಉಗುರಿನಷ್ಟು ಸಣ್ಣ ಮಾಡಿ ನೋಡಿ. ಎರಡೂ ಹುಬ್ಬು ಕಾಣುತ್ತಿವೆಯಾ? ಎರಡೂ ಕೆನ್ನೆಯ ಅಂಚು? ತಲೆಯ ಮೇಲೆ ಏನಾದರೂ ಎದ್ದು ನಿಂತಿದೆಯಾ?

ಇನ್ನೊಂದು ಪರೀಕ್ಷೆಯೂ ಇದೆ, ಸುಮ್ನೆ ಮಾಡಿ ನೋಡಿ. ತಲೆ ಬಾಚಿಕೊಂಡು ಒಂದು ಗಂಟೆ ಮನೆಗೆಲಸ ಮಾಡಿ, ಬೈಕಿನಲ್ಲಿ ಹೋಗುವವರಾದರೆ ಹೆಲ್ಮೆಟ್ ಹಾಕಿ ತೆಗೆಯಿರಿ. ಆಮೇಲೆ ಕನ್ನಡಿ ನೋಡದೆ ಕೈಯಲ್ಲೇ ಸರಿಮಾಡಿಕೊಳ್ಳಿ. ಹಾಗೂ ಸರಿಬಂದರೆ ಆ ಹೇರ್‌ಸ್ಟೈಲೇ ಖಾಯಂ.

ಹೊರಡುವ ದಿನ

ಬ್ಯಾಗಿನಲ್ಲಿ ಸಣ್ಣ ಬಾಚಣಿಗೆ, ನಾಲ್ಕು ಕಪ್ಪು ಪಿನ್ನು, ಒಂದು ರಬ್ಬರ್ ಬ್ಯಾಂಡು, ಕರ್ಚೀಫು. ಜೂನ್‌ನಿಂದ ಆಗಸ್ಟ್‌ವರೆಗೆ ದುರ್ಗದ ಗಾಳಿ ಹೇಗಿರುತ್ತದೆ ಅಂತ ಅಲ್ಲಿನವರಿಗೆ ಹೇಳಬೇಕಿಲ್ಲ. ಬೆಟ್ಟದ ಮೇಲೆಲ್ಲ ಗಾಳಿಯಂತ್ರ ನೆಟ್ಟಿರುವುದು ಸುಮ್ನೆ ಅಲ್ಲ. ಆ ತಿಂಗಳುಗಳಲ್ಲಿ ಬರುವವರು ದಾರಿಯಲ್ಲಿ ತಲೆಗೊಂದು ಸ್ಕಾರ್ಫ್ ಕಟ್ಟಿಕೊಳ್ಳಿ, ಒಳಗೆ ಹೋಗುವ ಮುಂಚೆ ಬಿಚ್ಚಿ. ಹೆಲ್ಮೆಟ್ ಹಾಕುವವರಿಗೆ ನೆತ್ತಿ ಚಪ್ಪಟೆಯಾಗಿ, ಕಿವಿ ಮೇಲೆ ಕೂದಲು ಹೊರಕ್ಕೆ ಚಾಚಿರುತ್ತದೆ. ಬೆರಳು ಒದ್ದೆ ಮಾಡಿ ಬುಡದಿಂದ ಎತ್ತಿ ಬಾಚಿದರೆ ಎರಡು ನಿಮಿಷದಲ್ಲಿ ಸರಿಹೋಗುತ್ತದೆ.

ದಾವಣಗೆರೆಗೆ ಬಂದಮೇಲೆ ಬೆಣ್ಣೆ ದೋಸೆ ತಿನ್ನದೆ ಹೋಗುವುದುಂಟಾ? ತಿನ್ನಿ, ಆದರೆ ಕೆಲಸ ಮುಗಿದ ಮೇಲೆ. ಬೆಣ್ಣೆ ಕೈ ತಲೆಗೆ, ಹಣೆಗೆ ಹೋಗುವುದು ತಪ್ಪುತ್ತದೆ.

ಬೇಗ ಹೋಗಿ ನೆರಳಲ್ಲಿ ಐದು ನಿಮಿಷ ಕೂತು ಬೆವರು ಆರಿಸಿಕೊಳ್ಳಿ. ಮೊಬೈಲಿನ ಮುಂದಿನ ಕ್ಯಾಮೆರಾ ತೆರೆದರೆ ಅದೇ ಕನ್ನಡಿ. ಒಳಗೆ ಹೋಗುವ ಮುಂಚೆಯೇ ಈ ಕೆಲಸ ಮುಗಿಸಿ, ಟೋಕನ್ ಕೂಗಿದ ಮೇಲೆ ಬಾಚಣಿಗೆ ಹುಡುಕುವುದು ಬೇಡ.

ಕ್ಯಾಮೆರಾ ಮುಂದೆ

ಕೂತ ಮೇಲೆ ಮಾಡಬೇಕಾದ್ದು ಇಷ್ಟೇ. ಎರಡೂ ಕೈಯಿಂದ ಹಣೆಯಿಂದ ಕಿವಿಯ ಹಿಂದಕ್ಕೆ ಒಮ್ಮೆ ಸವರಿಕೊಳ್ಳಿ. ಬೆನ್ನು ನೆಟ್ಟಗೆ, ಗಲ್ಲ ಮೇಲೂ ಅಲ್ಲ ಕೆಳಗೂ ಅಲ್ಲ. ಬಾಯಿ ಮುಚ್ಚಿ, ಕಣ್ಣು ತೆರೆದು ಲೆನ್ಸ್ ನೋಡಿ. ಕನ್ನಡಕ ತೆಗೆದರೆ ಅದರ ಕಡ್ಡಿ ಎಳೆದ ಕೂದಲು ಕಿವಿ ಮೇಲೆ ಎದ್ದಿರುತ್ತದೆ, ಅದನ್ನೂ ಒತ್ತಿ.

ತೆಗೆದ ಫೋಟೋ ಒಮ್ಮೆ ತೋರಿಸಿ ಅಂತ ಕೇಳಿ. ಕೂದಲು ಕಣ್ಣಿಗೆ ಬಂದಿದ್ದರೆ, ಕಣ್ಣು ಮುಚ್ಚಿದ್ದರೆ, 'ಮೇಡಂ, ಇನ್ನೊಂದ್ಸಲ ತೆಗೀರಿ' ಅಂತ ಮರ್ಯಾದೆಯಿಂದ ಕೇಳಿದರೆ ಸಾಮಾನ್ಯವಾಗಿ ಇಲ್ಲ ಅನ್ನುವುದಿಲ್ಲ. ಕೇಳಲು ನಾಚಿಕೊಂಡು ಎದ್ದು ಬಂದರೆ ಆಮೇಲೆ ಬದಲಾಯಿಸುವುದು ಸುಲಭ ಅಲ್ಲ. ಮರುವಿತರಣೆಗೆ ಮತ್ತೆ ಅರ್ಜಿ ಹಾಕಿ, ಮತ್ತೆ ಶುಲ್ಕ ಕಟ್ಟಬೇಕು. ದೊಡ್ಡವರ 36 ಪುಟದ ಪಾಸ್‌ಪೋರ್ಟಿಗೆ ಅದು 1,500 ರೂಪಾಯಿ.

ಪುಟ್ಟ ಮಕ್ಕಳಿಗೆ ಮತ್ತು ವೀಸಾಕ್ಕೆ ಸ್ಟುಡಿಯೋ ಫೋಟೋ

4 ವರ್ಷದೊಳಗಿನ ಮಗುವಿಗೆ ಬಿಳಿ ಹಿನ್ನೆಲೆಯ 4.5 x 3.5 ಸೆಂಟಿಮೀಟರ್ ಬಣ್ಣದ ಫೋಟೋ ಬೇಕು. ತಾಯಂದಿರು ನೆತ್ತಿ ಮೇಲೆ ಪುಟ್ಟ ಜುಟ್ಟು ಕಟ್ಟಿ, ರಿಬ್ಬನ್ ಹಾಕಿ, ಕೆನ್ನೆಗೆ ದೃಷ್ಟಿಬೊಟ್ಟು ಇಟ್ಟು ಕರೆತರುತ್ತಾರೆ. ಮೂರೂ ತೆಗೆಯಬೇಕು. ದೃಷ್ಟಿಬೊಟ್ಟು ಫೋಟೋದಲ್ಲಿ ಹುಟ್ಟುಮಚ್ಚೆಯಂತೆ ಕಾಣುತ್ತದೆ. ಮನೆಗೆ ಹೋಗುವ ಮುಂಚೆ ಇಲ್ಲೇ ಮತ್ತೆ ಇಟ್ಟುಕೊಳ್ಳಿ, ಕಾಡಿಗೆ ಜೊತೆಗಿರಲಿ. ಜಾವಳ ತೆಗೆಸುವ ಮುಂಚೆಯಾ, ಆಮೇಲಾ ಅಂತಲೂ ಕೇಳುತ್ತಾರೆ. ಯಾವಾಗಲಾದರೂ ಸರಿ. ಬೋಳು ತಲೆಯ ಮಗುವಿನ ಫೋಟೋ ತೆಗೆಯುವುದು ನಮಗಂತೂ ಸುಲಭ. ಕೂಸನ್ನು ಬಿಳಿ ಬೆಡ್‌ಶೀಟ್ ಮೇಲೆ ಮಲಗಿಸಿ ಮೇಲಿನಿಂದ ತೆಗೆಯುವಾಗ ಕೂದಲು ಹರಡಿಕೊಳ್ಳುತ್ತದೆ, ಒದ್ದೆ ಕೈಯಲ್ಲಿ ಒಮ್ಮೆ ಸವರಿದರೆ ಸಾಕು.

ವೀಸಾ ಫೋಟೋಗೆ ದೇಶ ದೇಶಕ್ಕೆ ಅಳತೆ ಬೇರೆ. ಅಮೆರಿಕದ್ದು 2 x 2 ಇಂಚಿನ ಚೌಕ. ಅದರಲ್ಲಿ ತಲೆಯ ಅಳತೆ ಹಿಡಿಯುವುದು ಗಲ್ಲದಿಂದ ಕೂದಲೂ ಸೇರಿ ನೆತ್ತಿಯವರೆಗೆ, 25ರಿಂದ 35 ಮಿಲಿಮೀಟರ್. ಅಂದರೆ ಪಫ್ ಎತ್ತಿದಷ್ಟೂ ಮುಖಕ್ಕೆ ಜಾಗ ಕಡಿಮೆ. 2016ರ ನವೆಂಬರಿನಿಂದ ಅಲ್ಲಿ ಕನ್ನಡಕಕ್ಕೂ ಅವಕಾಶ ಇಲ್ಲ. ಷೆಂಗೆನ್ ದೇಶಗಳಿಗೆ, ಅಂದರೆ ಒಂದೇ ವೀಸಾ ನಡೆಯುವ ಯುರೋಪಿನ ದೇಶಗಳಿಗೆ, 35 x 45 ಮಿಲಿಮೀಟರ್.

ಇಲ್ಲಿ ಸ್ಟುಡಿಯೋದವರ ಬಗ್ಗೆಯೇ ಒಂದು ಎಚ್ಚರಿಕೆ ಹೇಳಬೇಕು. ಬಣ್ಣದ ಗೋಡೆ ಮುಂದೆ ತೆಗೆದು, ಆಮೇಲೆ ಮೊಬೈಲ್ ಆ್ಯಪಿನಲ್ಲಿ ಹಿನ್ನೆಲೆ ಬಿಳಿ ಮಾಡಿಕೊಡುವವರು ಈಗ ಜಾಸ್ತಿ. ಆ್ಯಪ್ ಕೂದಲ ಎಳೆಗಳನ್ನು ಕತ್ತರಿಸಿಹಾಕುತ್ತದೆ, ಅಂಚು ಕತ್ತರಿಯಲ್ಲಿ ಕತ್ತರಿಸಿದ ಹಾಗೆ ಇರುತ್ತದೆ. ಗುಂಗುರು ಕೂದಲಿಗಂತೂ ತಲೆಯ ಅರ್ಧ ಆಕಾರವೇ ಹೋಗಿರುತ್ತದೆ. ಸಾಫ್ಟ್‌ವೇರಿನಲ್ಲಿ ತಿದ್ದಿದ ಫೋಟೋವನ್ನು ನಮ್ಮ ರಾಯಭಾರ ಕಚೇರಿಗಳೂ ಒಪ್ಪುವುದಿಲ್ಲ, ಅಮೆರಿಕವೂ ಒಪ್ಪುವುದಿಲ್ಲ. ನಿಜವಾದ ಬಿಳಿ ಪರದೆ ಮುಂದೆಯೇ ತೆಗೆಯಿರಿ ಅಂತ ಮೊದಲೇ ಕೇಳಿ. ಪರದೆಯಿಂದ ಮೂರ್ನಾಲ್ಕು ಅಡಿ ಮುಂದೆ ಸ್ಟೂಲ್ ಹಾಕಿ, ಎರಡೂ ಕಡೆಯಿಂದ ಸಮ ಬೆಳಕು ಕೊಟ್ಟರೆ ನೆರಳು ಬೀಳುವುದಿಲ್ಲ, ತಿದ್ದುವ ಕೆಲಸವೂ ಇರುವುದಿಲ್ಲ. ಕಾಪಿ ಜಾಸ್ತಿ ಹಾಕಿಸಿಕೊಂಡು ವರ್ಷಗಟ್ಟಲೆ ಇಟ್ಟುಕೊಳ್ಳುವುದೂ ವ್ಯರ್ಥ. ಅಮೆರಿಕ, ಷೆಂಗೆನ್ ಎರಡಕ್ಕೂ 6 ತಿಂಗಳ ಒಳಗೆ ತೆಗೆದ ಫೋಟೋನೇ ಆಗಬೇಕು.